ಕಡಲು ನುಂಗಿದ ಊರು, ಕಾರ್ಡಿನಲ್ಲಿ ಉಳಿದ ಊರು

ನಾರ್ಫಕ್ ನೋಟ

ಇಂಗ್ಲೆಂಡಿನ ಪೂರ್ವ ಕರಾವಳಿಯ ಹಳೆಯ ಪಿಕ್ಚರ್ ಪೋಸ್ಟ್‌ಕಾರ್ಡುಗಳನ್ನು ಕೂಡಿಹಾಕುವ ಚಟ ನನಗಿದೆ. ಇಲ್ಲಿನ ಸಂತೆಗಳಲ್ಲಿ ಅವನ್ನು ಷೂ ಪೆಟ್ಟಿಗೆಗಳಲ್ಲಿ ಊರಿನ ಹೆಸರಿನ ಪ್ರಕಾರ ಜೋಡಿಸಿಟ್ಟು ಮಾರುತ್ತಾರೆ. ಕ್ರೋಮರ್, ಷೆರಿಂಗಮ್‌ನಂಥ ಊರಿನವು ಕಟ್ಟುಗಟ್ಟಲೆ ಸಿಗುತ್ತವೆ. ಆದರೆ ಪೆಟ್ಟಿಗೆ ಕೆದಕುವವರು ಮೊದಲು ಹುಡುಕುವುದು ಈಗ ಇಲ್ಲವೇ ಇಲ್ಲದ ಜಾಗಗಳ ಕಾರ್ಡುಗಳನ್ನು.

ಕ್ರೋಮರ್ ಪಕ್ಕದ ಸೈಡ್‌ಸ್ಟ್ರಾಂಡ್ ಹಳ್ಳಿಯನ್ನೇ ನೋಡಿ. ಅಲ್ಲಿನ ಚರ್ಚು ಕಡಲ ದಿಬ್ಬದ ಅಂಚಿಗೆ ತೀರ ಹತ್ತಿರವಾಯಿತೆಂದು 1880ರ ಸುಮಾರಿಗೆ ಅದನ್ನು ಕಳಚಿ ಒಳಗಡೆ ಮತ್ತೆ ಕಟ್ಟಿದರು. ಗೋಪುರವೂ ಸುತ್ತಲಿನ ಸಮಾಧಿಗಳೂ ಅಲ್ಲೇ ಉಳಿದವು. 1883ರಲ್ಲಿ ಲಂಡನ್ನಿನ ಪತ್ರಕರ್ತ ಕ್ಲೆಮೆಂಟ್ ಸ್ಕಾಟ್ ಬಂದ. ಗಸಗಸೆ ಹೂವಿನಿಂದ ಕೆಂಪಾಗಿದ್ದ ಹೊಲಗಳನ್ನು ಕಂಡು ಮರುಳಾಗಿ ಡೈಲಿ ಟೆಲಿಗ್ರಾಫ್ ಪತ್ರಿಕೆಗೆ ಬರೆದ. ಈ ಸೀಮೆಗೆ 'ಪಾಪಿಲ್ಯಾಂಡ್', ಅಂದರೆ ಗಸಗಸೆ ನಾಡು, ಎಂಬ ಹೆಸರು ಅಂಟಿತು. ಕ್ರೋಮರ್‌ಗೆ ರೈಲು 1877ರಲ್ಲೇ ಬಂದಿದ್ದರಿಂದ ಜನ ಬರುವುದಕ್ಕೆ ತಡವಾಗಲಿಲ್ಲ. ಅದೇ ಹೆಸರಿನ ಸೆಂಟಿನ ಸೀಸೆಯೂ ಅಂಗಡಿಗೆ ಬಂತು. ಒಂಟಿ ಗೋಪುರ 'ಗಾರ್ಡನ್ ಆಫ್ ಸ್ಲೀಪ್' ಎಂದು ಕಾರ್ಡುಗಳ ಮೇಲೆ ಮೆರೆಯಿತು. 1916ರಲ್ಲಿ ಕಡಲಿಗೆ ಬಿತ್ತು.

ನನ್ನಲ್ಲಿರುವ ಕಾರ್ಡಿನಲ್ಲಿ ಗೋಪುರದ ಬುಡಕ್ಕೂ ಅಂಚಿಗೂ ನಡುವೆ ಒಬ್ಬ ಹೆಂಗಸು ಕೊಡೆ ಹಿಡಿದು ನಿಲ್ಲುವಷ್ಟು ಜಾಗವಿದೆ. ನಿಂತೂ ಇದ್ದಾಳೆ. ಬೀಳುವುದೆಂದು ಎಲ್ಲರಿಗೂ ಗೊತ್ತಿದ್ದ ಕಟ್ಟಡವನ್ನು ಮೂರು ದಶಕ ಮಾರಿಕೊಂಡು ಬದುಕಿದ ಊರು ಇದು. ಇದರಲ್ಲಿ ನನಗೆ ಕುತೂಹಲವೂ ಇದೆ, ಸ್ವಲ್ಪ ಮುಜುಗರವೂ ಇದೆ.

ಬ್ರಿಟನ್ನಿನ ಕಡಲತೀರದಲ್ಲಿ ಇರುವವರು, ಇದ್ದು ಬಂದವರು, ಹಳೆಯ ಚಿತ್ರ ಇಟ್ಟುಕೊಂಡವರು ಬರೆಯಿರಿ. ಒಂದೇ ಕೋರಿಕೆ: 'ಆ ಕಾಲ ಎಷ್ಟು ಚೆಂದ' ಎಂದಷ್ಟೇ ಬರೆದು ಹೋಗಬೇಡಿ. ಚಿತ್ರದಲ್ಲಿ ಏನಿದೆ, ಏನಿಲ್ಲ, ಅದನ್ನು ಬರೆಯಿರಿ.

ಅಂಚೆಪೆಟ್ಟಿಗೆ (ಮೈಸೂರು)

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ನಿಮ್ಮ ಗೋಪುರದ ಅಣ್ಣನೊಬ್ಬ ಸಫಕ್‌ನ ಡನ್‌ವಿಚ್‌ನಲ್ಲಿದ್ದ. ಮಧ್ಯಯುಗದಲ್ಲಿ ಅದು ದೊಡ್ಡ ಬಂದರು. 1286 ಮತ್ತು 1328ರ ಬಿರುಗಾಳಿಗಳು ಬಂದರಿನ ಬಾಯಿಯನ್ನೇ ಮುಚ್ಚಿಹಾಕಿದವು, ಊರು ತುಂಡುತುಂಡಾಗಿ ಕಡಲು ಸೇರಿತು. ಬೆರಳೆಣಿಕೆಯ ಮನೆಗಳಷ್ಟೇ ಉಳಿದ ಮೇಲೂ 1832ರವರೆಗೆ ಈ ಊರು ಇಬ್ಬರು ಸಂಸದರನ್ನು ಆರಿಸಿ ಕಳಿಸುತ್ತಿತ್ತು ಎಂದರೆ ನಂಬುವಿರಾ?

ಅಂಚಿನಲ್ಲಿ ಉಳಿದಿದ್ದ ಕೊನೆಯ ಚರ್ಚು ಆಲ್ ಸೇಂಟ್ಸ್. 18ನೆಯ ಶತಮಾನದಲ್ಲೇ ಅದರಲ್ಲಿ ಪೂಜೆ ನಿಂತಿತ್ತು. 1904ರಲ್ಲಿ ಒಂದು ತುದಿ ಜಾರಲು ಶುರುವಾಗಿ 1919ಕ್ಕೆ ಗೋಪುರ ಮುಗಿಯಿತು. ಪೋಸ್ಟ್‌ಕಾರ್ಡಿನ ಸುಗ್ಗಿಯೂ ಅದೇ ಕಾಲದ್ದು. ಹಾಗಾಗಿ ಆ ಹದಿನೈದು ವರ್ಷದ ಕಾರ್ಡುಗಳನ್ನು ಸಾಲಾಗಿ ಇಟ್ಟರೆ ಪ್ರತಿ ಕಾರ್ಡಿನಲ್ಲೂ ಒಂದೊಂದು ಕಿಟಕಿ ಕಡಿಮೆಯಾಗುತ್ತ ಹೋಗುತ್ತದೆ.

ನೀರಿನಡಿಯಿಂದ ಗಂಟೆ ಕೇಳಿಸುತ್ತದೆ ಎಂಬ ಕಥೆಯನ್ನು ಮಾತ್ರ ನಾನು ನಂಬುವುದಿಲ್ಲ. ಗಂಟೆಯ ಕಂಚಿಗೆ ಬೆಲೆಯಿತ್ತು. ಚರ್ಚು ಬಿಟ್ಟು ಹೋಗುವವರು ಅದನ್ನು ಕಡಲಿಗೆ ಕಾಣಿಕೆಯಾಗಿ ಬಿಟ್ಟುಹೋಗುವಷ್ಟು ಧಾರಾಳಿಗಳಾಗಿರಲಿಲ್ಲ.

ಹಾಸನದ ಓದುಗ

ಒಂದು ಸರಳ ಪ್ರಶ್ನೆ. ಬೀಳುತ್ತದೆ ಎಂದು ಗೊತ್ತಿದ್ದೂ ಅಂಚಿನಲ್ಲಿ ಏಕೆ ಮನೆ ಕಟ್ಟುತ್ತಾರೆ?

ಹಲ್ ಎಂಜಿನಿಯರ್

ಅಂಚಿನಲ್ಲಿ ಯಾರೂ ಕಟ್ಟಲಿಲ್ಲ ಸ್ವಾಮಿ, ಅಂಚೇ ಅವರ ಬಾಗಿಲಿಗೆ ಬಂತು. ನಾನಿರುವ ಹಲ್ ನಗರದ ಪೂರ್ವಕ್ಕೆ ಹೋಲ್ಡರ್ನೆಸ್ ಕರಾವಳಿಯಿದೆ. ಯುರೋಪಿನಲ್ಲೇ ಅತಿ ವೇಗವಾಗಿ ಸವೆಯುವ ಕರಾವಳಿಗಳಲ್ಲಿ ಇದೂ ಒಂದು, ವರ್ಷಕ್ಕೆ ಸರಾಸರಿ ಒಂದೂವರೆಯಿಂದ ಎರಡು ಮೀಟರ್. ರೋಮನ್ನರ ಕಾಲದಿಂದ ಇಲ್ಲಿಯವರೆಗೆ ಸುಮಾರು ಐದು ಕಿಲೋಮೀಟರ್ ಅಗಲದ ನೆಲ ಹೋಗಿದೆ. ಅದರೊಂದಿಗೆ ಹೋದ ಹಳ್ಳಿಗಳ ಹೆಸರಿನದೇ ಒಂದು ನಕ್ಷೆಯಿದೆ.

ಸರಾಸರಿ ಎಂಬುದು ಇಲ್ಲಿ ಮೋಸ ಮಾಡುವ ಲೆಕ್ಕ. ಒಂದೇ ಜಾಗದಲ್ಲಿ ಕೆಲವು ವರ್ಷ ಏನೂ ಆಗುವುದಿಲ್ಲ, ಆಮೇಲೆ ಒಂದೇ ಚಳಿಗಾಲದಲ್ಲಿ ಹಿತ್ತಲು ಪೂರ್ತಿ ಹೋಗುತ್ತದೆ. ಈ ದಿಬ್ಬ ಬಂಡೆಯದಲ್ಲ. ಹಿಮಯುಗದ ಹಿಮನದಿಗಳು ತಂದು ಸುರಿದ ಜೇಡಿಮಣ್ಣು, ನಡುನಡುವೆ ಕಲ್ಲು. ಅಲೆ ಬಡಿದು ಕೆಡವುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಅರ್ಧ ಕೆಲಸ ಮಳೆಯದು. ನೀರು ಮೇಲಿನಿಂದ ಇಂಗಿ ಮಣ್ಣನ್ನು ಭಾರ ಮಾಡುತ್ತದೆ, ಒಳಗೆ ಬಾಗಿದ ಬಿರುಕು ಬಿಡುತ್ತದೆ, ಇಡೀ ಗಟ್ಟಿ ಕೆಳಗೆ ಜಾರುತ್ತದೆ. ಬುಡಕ್ಕೆ ಬಿದ್ದ ಮಣ್ಣನ್ನು ಅಲೆ ಗುಡಿಸಿಕೊಂಡು ಹೋಗುತ್ತದೆ. ಮತ್ತೆ ಬುಡ ಬರಿದಾಗುತ್ತದೆ.

ಹಳೆಯ ಚಿತ್ರದ ಮಾತಿಗೆ ಬಂದರೆ, ವಿದರ್ನ್‌ಸೀ ಊರಿನ ಪಿಯರ್ ಕಾರ್ಡುಗಳನ್ನು ಹುಡುಕಿ. 1877ರಲ್ಲಿ ಕಡಲೊಳಗೆ 1,196 ಅಡಿ ಉದ್ದಕ್ಕೆ ಚಾಚಿದ್ದ ನಡೆದಾಟದ ಕಟ್ಟೆ. 1880ರಿಂದ 1893ರೊಳಗೆ ಬಿರುಗಾಳಿಗೆ ಸಿಕ್ಕ ಹಡಗುಗಳು ಮತ್ತೆ ಮತ್ತೆ ಬಡಿದು ಸುಮಾರು 50 ಅಡಿಯಷ್ಟೇ ಉಳಿಯಿತು. ಆಮೇಲೆ ಅದನ್ನೂ ಕಿತ್ತರು. ಈಗ ಉಳಿದಿರುವುದು ಕೋಟೆಯ ಹೆಬ್ಬಾಗಿಲಿನಂಥ ಎರಡು ಗೋಪುರ. ಒಳಗೆ ಹೋದರೆ ನೇರ ಮರಳಿಗೆ ಇಳಿಯುತ್ತೀರಿ. ಊರಿನವರಿಗೆ ಅದೇ ಹೆಮ್ಮೆ.

ಸ್ಕಾರ್ಬರೋ ನರ್ಸ್

ಎಂಜಿನಿಯರ್ ಅವರೇ, ನಿಮ್ಮ ಜಾರುವ ಜೇಡಿಮಣ್ಣಿಗೆ ನಮ್ಮೂರಿನಲ್ಲೇ ಸಾಕ್ಷಿಯಿದೆ. 1993ರ ಜೂನ್‌ನಲ್ಲಿ ಹೋಲ್‌ಬೆಕ್ ಹಾಲ್ ಎಂಬ ನಾಲ್ಕು ನಕ್ಷತ್ರದ ಹೋಟೆಲಿನ ಅತಿಥಿಗಳು ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯಾಚೆ ಇದ್ದ ಹುಲ್ಲುಹಾಸು ಇರಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿದರು, ಯಾರಿಗೂ ಪೆಟ್ಟಾಗಲಿಲ್ಲ. ಕಟ್ಟಡ ಒಂದೆರಡು ದಿನದಲ್ಲಿ ಟಿ.ವಿ. ಕ್ಯಾಮೆರಾಗಳ ಎದುರೇ ಮುರಿದು ಬಿತ್ತು. ಅಲ್ಲಿ ಮದುವೆಯಾದವರು, ಮದುವೆಗೆ ಊಟ ಬಡಿಸಿದವರು ನಮ್ಮ ವಾರ್ಡಿನಲ್ಲಿ ಇವತ್ತಿಗೂ ಸಿಗುತ್ತಾರೆ.

ನಾನು ಹಿರಿಯರ ವಾರ್ಡಿನಲ್ಲಿ ಕೆಲಸ ಮಾಡುವುದರಿಂದ ಕಡಲತೀರದ ರಜೆಯ ಕಥೆಗಳು ಕಿವಿ ತುಂಬಾ ಬಿದ್ದಿವೆ. ರಜೆಗೆ ಬಂದವರಿಗೆ ರೂಮು ಬಾಡಿಗೆಗೆ ಕೊಡುತ್ತಿದ್ದ ಬೋರ್ಡಿಂಗ್ ಹೌಸ್ ಯಜಮಾನಿಯ ಕಥೆಯಿಲ್ಲದ ಅಜ್ಜಿಯನ್ನು ನಾನು ಕಂಡಿಲ್ಲ. ಬೆಳಗಿನ ತಿಂಡಿಯಾದ ಮೇಲೆ ಮಳೆಯಿರಲಿ, ಗಾಳಿಯಿರಲಿ, ಅತಿಥಿಗಳು ಹೊರಗೆ. ಊಟದ ಹೊತ್ತಿನವರೆಗೆ ಬಾಗಿಲು ತೆರೆಯುವಂತಿಲ್ಲ. ಹಿಂದಿನ ತಲೆಮಾರಿನಲ್ಲಂತೂ ದಿನಸಿಯನ್ನು ಅತಿಥಿಗಳೇ ಕೊಂಡುತಂದು ಕೊಡುತ್ತಿದ್ದರು, ಯಜಮಾನಿ ಬೇಯಿಸಿ ಬಡಿಸುತ್ತಿದ್ದಳು. ಮೇಜಿನ ಮೇಲಿನ ಉಪ್ಪು, ಮೆಣಸಿನಪುಡಿ, ವಿನಿಗರ್ ಬಳಸಿದ್ದಕ್ಕೆ ಬಿಲ್ಲಿನಲ್ಲಿ ಬೇರೆಯೇ ಒಂದು ಸಾಲು!

ನನಗೆ ಹೆಚ್ಚು ಇಷ್ಟವಾದದ್ದು ಟ್ರೇಯ ಕಥೆ. ಮರಳಿನ ಮೇಲೆ ಕೂತವರು ಹತ್ತಿರದ ಕೆಫೆಯಿಂದ ಚಹಾ ತರುವಾಗ ಕಾಗದದ ಲೋಟ ಇರಲಿಲ್ಲ. ಪಿಂಗಾಣಿಯ ಟೀಪಾಟು, ಕಪ್ಪು ಬಸಿ, ಹಾಲಿನ ಜಗ್ಗು ಎಲ್ಲವನ್ನೂ ದೊಡ್ಡ ಟ್ರೇಯಲ್ಲಿಟ್ಟು ಮುಂಗಡ ಹಣ ಇರಿಸಿಕೊಂಡು ಕೊಡುತ್ತಿದ್ದರು. ಟ್ರೇ ಹಿಂದಿರುಗಿಸಿದರೆ ಹಣ ವಾಪಸು. ಒಬ್ಬ ಅಜ್ಜಿಗೆ ಆ ಟ್ರೇ ಹೊತ್ತು ಮೆಟ್ಟಿಲಿಳಿದು, ಮರಳಿನಲ್ಲಿ ಕಾಲು ಹೂತುಕೊಳ್ಳುತ್ತಾ ಅಪ್ಪನವರೆಗೆ ಒಂದು ಹನಿಯೂ ಚೆಲ್ಲದಂತೆ ನಡೆಯುವುದೇ ರಜೆಯ ದೊಡ್ಡ ಜವಾಬ್ದಾರಿಯಾಗಿತ್ತಂತೆ. ಉಣ್ಣೆಯ ಈಜುಡುಗೆ ನೀರು ಕುಡಿದು ಮೊಣಕಾಲಿಗೆ ಇಳಿಯುತ್ತಿದ್ದುದನ್ನು ಹೇಳಿ ಇಬ್ಬರೂ ನಕ್ಕೆವು.

ಮೆಟ್ಟಿಲು ಎಂದೆ ನೋಡಿ, ಅದು ಬಡವರ ದಾರಿ. ಕಾಸಿದ್ದವರಿಗೆ ಲಿಫ್ಟ್ ಇತ್ತು. ಬ್ರಿಟನ್ನಿನ ಮೊದಲ ಕ್ಲಿಫ್ ಲಿಫ್ಟ್ 1875ರಲ್ಲಿ ಬಂದದ್ದು ಇಲ್ಲೇ. ದಿಬ್ಬದ ಮೇಲಿನ ಹೋಟೆಲಿನವರನ್ನು ಕೆಳಗಿನ ಸ್ಪಾಗೆ ಇಳಿಸುತ್ತಿತ್ತು.

ಅಂಚೆಪೆಟ್ಟಿಗೆ (ಮೈಸೂರು)

ನಿಮ್ಮಿಂದ ಉತ್ತರಕ್ಕೆ ಸಾಲ್ಟ್‌ಬರ್ನ್‌ನಲ್ಲಿ 1884ರ ಲಿಫ್ಟ್ ಇನ್ನೂ ಇದೆಯಲ್ಲ ಮೇಡಂ. ಹಗ್ಗದಿಂದ ಜೋಡಿಸಿದ ಎರಡು ಡಬ್ಬಿ. ಮೇಲಿರುವ ಡಬ್ಬಿಯ ಅಡಿಯ ತೊಟ್ಟಿಗೆ ನೀರು ತುಂಬಿಸುತ್ತಾರೆ, ಭಾರಕ್ಕೆ ಅದು ಇಳಿಯುತ್ತದೆ, ಕೆಳಗಿನದು ಏರುತ್ತದೆ. ಕೆಳಗೆ ಮುಟ್ಟಿದ ಮೇಲೆ ನೀರು ಬಿಡುತ್ತಾರೆ. ಕಾರ್ಡಿನಲ್ಲಿ ಎರಡೂ ಡಬ್ಬಿಗಳು ಸರಿಯಾಗಿ ಮಧ್ಯದಲ್ಲಿ ಎದುರಾದ ಕ್ಷಣವನ್ನೇ ಹಿಡಿದಿರುತ್ತಾರೆ. ಅದಕ್ಕಾಗಿ ಫೋಟೊಗ್ರಾಫರ್ ಎಷ್ಟು ಹೊತ್ತು ಕಾದನೋ, ಅಥವಾ ಡಬ್ಬಿಯವನ ಕೈಬಿಸಿ ಮಾಡಿ ನಿಲ್ಲಿಸಿದನೋ.

ಲೆಸ್ಟರ್ ರಾಯರು

ಎಲ್ಲವನ್ನೂ ಓದಿದೆ. ಚೆನ್ನಾಗಿದೆ. ಆದರೆ ಸ್ವಲ್ಪ ಹುಳಿ ಹಿಂಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ದೊಡ್ಡಪ್ಪ 60ರ ದಶಕದಲ್ಲಿ ಈ ದೇಶಕ್ಕೆ ಬಂದವರು. ನೀವು ಕೊಂಡಾಡುತ್ತಿರುವ ಬೋರ್ಡಿಂಗ್ ಹೌಸ್ ಯಜಮಾನಿಯರು ಅವರ ಮುಖ ನೋಡಿ 'ರೂಮು ಖಾಲಿಯಿಲ್ಲ' ಎನ್ನುತ್ತಿದ್ದರು. ಕಿಟಕಿಯಲ್ಲಿ 'ಖಾಲಿಯಿದೆ' ಎಂಬ ಫಲಕ ನೇತಾಡುತ್ತಲೇ ಇರುತ್ತಿತ್ತು. 1965ರ ವರ್ಣಭೇದ ವಿರೋಧಿ ಕಾಯಿದೆ ಹೋಟೆಲುಗಳನ್ನು ಹಿಡಿಯಿತೇ ಹೊರತು ಖಾಸಗಿ ಬೋರ್ಡಿಂಗ್ ಹೌಸುಗಳನ್ನು ಹೊರಗಿಟ್ಟಿತು. 1968ರಲ್ಲಿ ಇನ್ನೊಂದು ಕಾಯಿದೆ ಬೇಕಾಯಿತು. ಆಮೇಲೂ ಕಾಯಿದೆ ಪುಸ್ತಕದಲ್ಲಿ, ಯಜಮಾನಿ ಬಾಗಿಲಲ್ಲಿ.

ಹಾಗಾಗಿ ನಮ್ಮ ಮನೆಯ ಕಡಲತೀರದ ರಜೆ ಎಂದರೆ ಒಂದು ಹಗಲು. ಬೆಳಗಿನ ಕತ್ತಲಲ್ಲಿ ಕೋಚ್ ಬಸ್ಸು ಹತ್ತಿ ಸ್ಕೆಗ್‌ನೆಸ್‌ಗೆ ಹೋಗುವುದು, ರಾತ್ರಿ ವಾಪಸು. ದೊಡ್ಡಮ್ಮ ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟುತ್ತಿದ್ದರು. ಗಾಳಿ ಎಂಥದ್ದೆಂದರೆ ಮುಚ್ಚಳ ತೆಗೆದರೆ ಅನ್ನದ ಮೇಲೆ ಮರಳು. ಸೀರೆಯ ಮೇಲೆ ಕೋಟು, ಕಾಲಿಗೆ ಉಣ್ಣೆಯ ಕಾಲುಚೀಲ, ಮೇಲೆ ಚಪ್ಪಲಿ. ಹಾಗೆ ಕೂತ ಹೆಂಗಸು ನಿಮ್ಮ ಯಾವ ಕಾರ್ಡಿನಲ್ಲಾದರೂ ಇದ್ದಾಳೆಯೇ? ಚಿತ್ರದಲ್ಲಿ ಏನಿಲ್ಲ ಎಂದು ನೀವೇ ಕೇಳಿದಿರಿ ಎಂದು ಬರೆದೆ.

ನಾರ್ಫಕ್ ನೋಟ

ರಾಯರೇ, ಇದನ್ನೇ ಬರೆಯಲಿ ಎಂದು ಕೇಳಿದ್ದು. ಕಾರ್ಡು ಮಾರಲೆಂದು ಮಾಡಿದ ಚಿತ್ರ, ಅದರಲ್ಲಿ ಯಾರು ಇರಬೇಕೆಂದು ಮಾರುವವನು ತೀರ್ಮಾನಿಸುತ್ತಿದ್ದ. ನಿಮ್ಮ ಮನೆಯಲ್ಲಿ ಸ್ಕೆಗ್‌ನೆಸ್‌ನ ಫೋಟೊಗಳು ಉಳಿದಿವೆಯೇ?

ಬ್ರೈಟನ್ ವಿದ್ಯಾರ್ಥಿ

ರಾಯರ ಪ್ರಶ್ನೆಗೆ ಒಂದು ವಿಚಿತ್ರ ಉತ್ತರವಿದೆ. ನಮ್ಮವರಿರುವ ಕಡಲತೀರದ ಕಾರ್ಡುಗಳು ಬ್ರೈಟನ್‌ನಲ್ಲಿ ರಾಶಿ ಸಿಗುತ್ತವೆ. ಅವು ರಜೆಯವಲ್ಲ, ಯುದ್ಧದವು. 1914ರ ಕೊನೆಯಿಂದ 1916ರ ಆರಂಭದವರೆಗೆ ಇಲ್ಲಿನ ರಾಯಲ್ ಪೆವಿಲಿಯನ್ ಅರಮನೆ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಗಿತ್ತು. ಝಗಮಗಿಸುವ ದೀಪಗೊಂಚಲಿನ ಕೆಳಗೆ ಸಾಲು ಮಂಚಗಳು, ಪೇಟ ಕಟ್ಟಿದ ಸಿಪಾಯಿಗಳು. ಜಾತಿ ಮತಗಳ ಲೆಕ್ಕಕ್ಕೆ ಒಂಬತ್ತು ಅಡುಗೆಮನೆ ಮಾಡಿದ್ದರು. ಗುರುಮುಖಿ, ಉರ್ದು, ಇಂಗ್ಲಿಷಿನಲ್ಲಿ ಕಿರುಪುಸ್ತಕವನ್ನೂ ಅಚ್ಚು ಹಾಕಿಸಿದರು. 'ನಿಮ್ಮವರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ' ಎಂದು ಭಾರತಕ್ಕೆ ತೋರಿಸುವ ಉದ್ದೇಶ ಇದರಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಕಾರ್ಡಿನಲ್ಲಿ ಬಾರದ್ದು: ಊರಿನ ಇನ್ನೊಂದು ಭಾರತೀಯ ಆಸ್ಪತ್ರೆಯಾದ ಕಿಚನರ್ ಆಸ್ಪತ್ರೆಯ ಸುತ್ತ ಕಾವಲಿತ್ತು. ಸಿಪಾಯಿಗಳು ಮನಸ್ಸಿಗೆ ಬಂದಂತೆ ಊರೊಳಗೆ ಓಡಾಡುವಂತಿರಲಿಲ್ಲ.

ಇಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸಿಪಾಯಿಗಳನ್ನು ಊರ ಹೊರಗೆ ಸುಣ್ಣಕಲ್ಲಿನ ಗುಡ್ಡದ ಮೇಲೆ ದಹನ ಮಾಡಿದರು. ಆ ಜಾಗದಲ್ಲಿ 'ಛತ್ರಿ' ಎಂಬ ಅಮೃತಶಿಲೆಯ ಗುಮ್ಮಟದ ಸ್ಮಾರಕ ಕಟ್ಟಿ 1921ರ ಫೆಬ್ರವರಿಯಲ್ಲಿ ಉದ್ಘಾಟಿಸಿದರು. 53 ಜನರ ಹೆಸರು ಕೆತ್ತಿದ ಕಲ್ಲು ಮಾತ್ರ 2010ರಲ್ಲಿ ಬಂತು. ಗುಡ್ಡದ ಮೇಲಿನ ಹಾದಿಯಲ್ಲಿ ನಡೆದೇ ಹೋಗಬೇಕು, ಕುರಿಗಳ ನಡುವೆ. ಬಂದವರೆಲ್ಲ ಪಿಯರ್ ನೋಡಿ ಹೋಗುತ್ತಾರೆ, ಅಲ್ಲಿಗೆ ಹೋಗುವವರು ಕಡಿಮೆ.

ಡೆವನ್ ವಾಸಿ

ಕಡಲು ನುಂಗಿತು, ಕಡಲು ನುಂಗಿತು ಎಂದು ಎಲ್ಲರೂ ಬರೆಯುತ್ತಿದ್ದೀರಿ. ನಮ್ಮ ಕಡೆಯ ಹಾಲ್‌ಸ್ಯಾಂಡ್ಸ್ ಹಳ್ಳಿಯ ಕಥೆ ಕೇಳಿ, ಆಮೇಲೆ ಕಡಲನ್ನು ಬೈಯಿರಿ.

ಬಂಡೆಯ ಗೋಡೆಗೂ ಕಡಲಿಗೂ ನಡುವೆ ಒಂದೇ ಬೀದಿಯ ಬೆಸ್ತರ ಊರು. 1891ರಲ್ಲಿ 37 ಮನೆ, 159 ಜನ, ಒಂದು ಪಬ್. ಮನೆಗಳ ಮುಂದೆ ಅಗಲವಾದ ಬೆಣಚುಕಲ್ಲಿನ ದಂಡೆ. ಚಳಿಗಾಲದ ಅಲೆ ಆ ದಂಡೆಯ ಮೇಲೆ ಸುಸ್ತಾಗಿ ಹಿಂದೆ ಸರಿಯುತ್ತಿತ್ತು. ಪ್ಲಿಮತ್ ಬಳಿ ನೌಕಾಪಡೆಯ ಹಡಗುಕಟ್ಟೆ ದೊಡ್ಡದು ಮಾಡಲು ಕಾಂಕ್ರೀಟಿಗೆ ಜಲ್ಲಿ ಬೇಕಿತ್ತು. 1897ರಿಂದ ಊರಿನ ಮುಂದಿನ ಕಡಲತಳದಿಂದ ಯಂತ್ರ ಹಾಕಿ ಎತ್ತಿದರು. ಒಟ್ಟು ಎತ್ತಿದ್ದು ಸುಮಾರು 6,50,000 ಟನ್. ಕಡಲಿನ ಹರಿವೇ ಹೊಸ ಜಲ್ಲಿ ತಂದು ತುಂಬಿಸುತ್ತದೆ ಎಂದು ಸಮಾಧಾನ ಹೇಳಿದ್ದರು. ತುಂಬಿಸಲಿಲ್ಲ. ದಂಡೆಯ ಕಲ್ಲು ಗುಂಡಿಗೆ ಜಾರಿತು, ದಂಡೆ ಕುಸಿಯಿತು. ಬೆಸ್ತರು ಗಲಾಟೆ ಮಾಡಿದ ಮೇಲೆ 1902ರ ಜನವರಿಯಲ್ಲಿ ಪರವಾನಗಿ ರದ್ದಾಯಿತು. ಆಗ ತಡವಾಗಿತ್ತು. 1917ರ ಜನವರಿ 26ರ ರಾತ್ರಿ ಬಿರುಗಾಳಿ ಮತ್ತು ಉಬ್ಬರ ಒಟ್ಟಿಗೆ ಬಂದವು. ಒಬ್ಬರೂ ಸಾಯಲಿಲ್ಲ, ಅದೇ ಪುಣ್ಯ. ವಾಸಕ್ಕೆ ಉಳಿದದ್ದು ಒಂದೇ ಮನೆ. ಅದರಲ್ಲಿ ಒಬ್ಬ ಹೆಂಗಸು 1964ರಲ್ಲಿ ಸಾಯುವ ತನಕ ಇದ್ದಳು.

ಈ ಊರಿನ ಹಳೆಯ ಫೋಟೊಗಳು ಬರೀ ನೆನಪಿನ ಸರಕಲ್ಲ. ಪ್ಲಿಮತ್‌ನ ಹ್ಯಾನ್ಸ್‌ಫರ್ಡ್ ವರ್ತ್ ಎಂಬವರು ವರ್ಷಗಟ್ಟಲೆ ಇಲ್ಲಿ ದಂಡೆಯ ಮಟ್ಟವನ್ನು ಅಳೆದರು, ಫೋಟೊ ತೆಗೆದರು, ವರದಿ ಬರೆದರು. ಹಿಂದಿನ ಫೋಟೊದಲ್ಲಿ ಮನೆಯ ಹೊಸ್ತಿಲಿಗೆ ಸಮವಾಗಿದ್ದ ಕಲ್ಲು, ಮುಂದಿನದರಲ್ಲಿ ಆಳೆತ್ತರ ಕೆಳಗೆ. ಇದಕ್ಕಿಂತ ಸಾಕ್ಷಿ ಬೇಕೇ? ಆದರೂ ಪರಿಹಾರಕ್ಕೆ ಏಳು ವರ್ಷ ಅಲೆಸಿ 1924ರಲ್ಲಿ 6,000 ಪೌಂಡ್ ಕೊಟ್ಟರು, ಇಡೀ ಊರಿಗೆ ಸೇರಿ.

ನಾರ್ಫಕ್ ನೋಟ

6,000 ಎಂಬ ಸಂಖ್ಯೆ ಓದಿ ಬೆಚ್ಚಿದೆ. ಇವತ್ತು ಇಂಗ್ಲೆಂಡಿನಲ್ಲಿ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರಿಗೆ ಮನೆಯ ಬೆಲೆ ಪರಿಹಾರವಾಗಿ ಸಿಗುವುದಿಲ್ಲ. ಸಿಗುವ ಸಹಾಯಧನ ಗರಿಷ್ಠ 6,000 ಪೌಂಡ್, ಅದೂ ಮನೆಯನ್ನು ಕೆಡವಿಸುವ ಖರ್ಚಿಗೆ. ಅಂದರೆ ನಿಮ್ಮ ಮನೆ ಕಡಲಿಗೆ ಬಿದ್ದು ದಂಡೆ ಹಾಳಾಗದಂತೆ ನೀವೇ ಮೊದಲು ಕೆಡವಿಸಬೇಕು.

ಇದನ್ನು ನಾನು ಕಣ್ಣಾರೆ ಕಂಡದ್ದು ಇಲ್ಲೇ ಹೇಸ್‌ಬರೋದಲ್ಲಿ. 1953ರ ದೊಡ್ಡ ನೆರೆಯ ನಂತರ, 50ರ ದಶಕದ ಕೊನೆಗೆ ದಿಬ್ಬದ ಬುಡದಲ್ಲಿ ಮರದ ತಡೆಗೋಡೆ ಹಾಕಿದ್ದರು. 90ರ ದಶಕದಲ್ಲಿ ಅದು ಮುರಿದಾಗ ಮತ್ತೆ ಕಟ್ಟಲಿಲ್ಲ. ಬೀಚ್ ರೋಡ್ ಎಂಬ ರಸ್ತೆಯ ಮನೆಗಳು ಒಂದೊಂದಾಗಿ ಹೋದವು. 2009ರ ನಂತರದ ಒಂದು ಪ್ರಾಯೋಗಿಕ ಯೋಜನೆಯಲ್ಲಿ ಮಾತ್ರ ಜಿಲ್ಲಾ ಆಡಳಿತ ಅಲ್ಲಿನ ಕೆಲವು ಮನೆಗಳನ್ನು ಕೊಂಡುಕೊಂಡಿತು. ಅಂಥ ಹಣ ಮತ್ತೆ ಎಲ್ಲರಿಗೂ ಸಿಗಲಿಲ್ಲ. ಹಾಸನದವರೇ, ನಿಮ್ಮ ಪ್ರಶ್ನೆಗೆ ಅಲ್ಲಿನ ಹಳೆಯ ಕಾರ್ಡುಗಳು ಸಾಕು. ಈಗ ಗಾಳಿಯಷ್ಟೇ ಇರುವ ಕಡೆ ಹೊಲ, ಬೇಲಿ, ಬಂಗಲೆ, ಅದರಾಚೆ ಇನ್ನೊಂದು ಸಾಲು ಬಂಗಲೆ.

ಅದೇ ಕೊರೆತ 2013ರ ಮೇ ತಿಂಗಳಲ್ಲಿ ಅದೇ ಊರಿನಲ್ಲಿ ಸುಮಾರು ಎಂಟು ಲಕ್ಷ ವರ್ಷಕ್ಕೂ ಹಳೆಯ ಮನುಷ್ಯರ ಹೆಜ್ಜೆಗುರುತುಗಳನ್ನು ಬಯಲು ಮಾಡಿತು. ಆಫ್ರಿಕಾದ ಹೊರಗೆ ಸಿಕ್ಕವುಗಳಲ್ಲೇ ಅತಿ ಪುರಾತನವೆಂದು ಗೊತ್ತಾಗುವಷ್ಟರಲ್ಲಿ, ಎರಡು ವಾರದೊಳಗೆ, ಅಲೆ ಅವನ್ನು ತೊಳೆದುಹಾಕಿತು. ಉಳಿದದ್ದು ಮಳೆಯಲ್ಲಿ ತರಾತುರಿಯಿಂದ ತೆಗೆದ ಫೋಟೊಗಳು.

ಹಲ್ ಎಂಜಿನಿಯರ್

ತಡೆಗೋಡೆ ಏಕೆ ಮತ್ತೆ ಕಟ್ಟಲಿಲ್ಲ ಎಂಬುದಕ್ಕೆ ದುಡ್ಡಿನ ಆಚೆಗೂ ಒಂದು ಕಾರಣವಿದೆ. ದಿಬ್ಬ ಕರಗಿದ ಮಣ್ಣೇ ಮುಂದಿನ ಊರಿನ ಮರಳು. ನಾರ್ಫಕ್‌ನ ದಿಬ್ಬಗಳು ಸವೆದರೆ ದಕ್ಷಿಣದ ತಗ್ಗು ಊರುಗಳ ಮುಂದೆ ಬೀಚ್ ಇರುತ್ತದೆ. ಆ ಬೀಚೇ ಅವರಿಗೆ ತಡೆಗೋಡೆ. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಉಪವಾಸ.

ನಮ್ಮ ಮ್ಯಾಪಲ್‌ಟನ್‌ನಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. 1991ರಲ್ಲಿ ಸುಮಾರು 20 ಲಕ್ಷ ಪೌಂಡ್ ಖರ್ಚಿನಲ್ಲಿ ಎರಡು ಕಲ್ಲಿನ ಅಡ್ಡಗಟ್ಟೆ ಹಾಕಿ ಊರನ್ನೂ ಮುಖ್ಯ ರಸ್ತೆಯನ್ನೂ ಉಳಿಸಿದರು. ದಕ್ಷಿಣಕ್ಕಿದ್ದ ಕೌಡನ್ ಕಡೆ ಮರಳು ಹೋಗುವುದು ನಿಂತು ಅಲ್ಲಿನ ಹೊಲ ಮನೆಗಳು ಇನ್ನೂ ವೇಗವಾಗಿ ಹೋದವು. ಈಗ ಇಡೀ ಕರಾವಳಿಯನ್ನು ತುಂಡು ಮಾಡಿ ಪ್ರತಿ ತುಂಡಿಗೂ ಒಂದು ನೀತಿ ಬರೆದಿದ್ದಾರೆ: ಇದ್ದಲ್ಲೇ ಹಿಡಿದು ನಿಲ್ಲಿಸುವುದು, ಮುಂದೆ ಸರಿಸುವುದು, ಯೋಜಿಸಿ ಹಿಂದೆ ಸರಿಯುವುದು, ಏನೂ ಮಾಡದಿರುವುದು.

ಡೆವನ್ ವಾಸಿ

ಎಂಜಿನಿಯರ್ ಸಾಹೇಬರೇ, ವಿಜ್ಞಾನ ಒಪ್ಪುತ್ತೇನೆ. ಆದರೆ ನನ್ನ ಮನೆಯ ಮಣ್ಣು ಕರಗಿ ಮುಂದಿನ ಊರಿಗೆ ಬೀಚ್ ಆಗುವುದಾದರೆ ಆ ಊರು ನನಗೆ ಬೆಲೆ ಕೊಡಬೇಡವೇ? ರಸ್ತೆ ಅಗಲ ಮಾಡುವಾಗ ಜಾಗಕ್ಕೆ ದುಡ್ಡು ಕೊಡುತ್ತಾರಲ್ಲ? ಲಾಭ ಊರಿಗೆ, ನಷ್ಟ ಒಬ್ಬನಿಗೆ ಎಂಬ ಲೆಕ್ಕವನ್ನು ಹಾಲ್‌ಸ್ಯಾಂಡ್ಸ್‌ನವರೂ ಕೇಳಿದ್ದರು.

ಹಲ್ ಎಂಜಿನಿಯರ್

ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನೀವು ಹೇಳುವುದು ನ್ಯಾಯವೇ.

ಬ್ರೈಟನ್ ವಿದ್ಯಾರ್ಥಿ

ಕಟ್ಟಡವನ್ನೇ ಹಿಂದೆ ಎಳೆದವರೂ ಇದ್ದಾರೆ. ಬೀಚಿ ಹೆಡ್ ಬಳಿಯ ಬೆಲ್ ಟೂಟ್ ಹಳೆಯ ದೀಪಸ್ತಂಭ, 1832ರದು, ಸುಣ್ಣಕಲ್ಲಿನ ಅಂಚಿಗೆ ಬಂದುಬಿಟ್ಟಿತ್ತು. 1999ರ ಮಾರ್ಚ್‌ನಲ್ಲಿ ಅಡಿಪಾಯಕ್ಕೆ ತೊಲೆ ತೂರಿಸಿ, ಜಾಕ್ ಹಚ್ಚಿ, ಇಡೀ ಕಟ್ಟಡವನ್ನು 17 ಮೀಟರ್ ಹಿಂದೆ ತಳ್ಳಿದರು. ಅಲ್ಲೇ ಪಕ್ಕದ ಬರ್ಲಿಂಗ್ ಗ್ಯಾಪ್‌ನಲ್ಲಿ 1878ರಲ್ಲಿ ಕರಾವಳಿ ಕಾವಲಿನವರಿಗೆ ಕಟ್ಟಿದ ಸಾಲುಮನೆಗಳಿಗೆ ಆ ಭಾಗ್ಯವಿರಲಿಲ್ಲ. ಕೊನೆಯ ಮನೆ ಅಂಚಿಗೆ ಬಂದಾಗ ಅದನ್ನು ಕೆಡವುತ್ತಾರೆ, ಪಕ್ಕದ ಮನೆಯ ಒಳಗೋಡೆಯೇ ಹೊರಗೋಡೆಯಾಗುತ್ತದೆ. ಹಳೆಯ ಕಾರ್ಡು ಹಿಡಿದು ಚಿಮಣಿಗಳನ್ನು ಎಣಿಸಿದರೆ ಯಾವ ಕಾಲದ ಕಾರ್ಡೆಂದು ಹೇಳಬಹುದು.

ಅಂಚೆಪೆಟ್ಟಿಗೆ (ಮೈಸೂರು)

ಚಿಮಣಿ ಎಣಿಸುವುದು ಸರಿಯಾದ ವಿಧಾನ. ಠಸ್ಸೆಯ ತಾರೀಕನ್ನು ನಂಬಿ ಕೆಟ್ಟವರು ಬಹಳ. ಅದು ಕಾರ್ಡು ಅಂಚೆಗೆ ಬಿದ್ದ ದಿನ, ಚಿತ್ರ ತೆಗೆದ ದಿನವಲ್ಲ. ಒಂದೇ ನೆಗೆಟಿವ್‌ನಿಂದ ವರ್ಷಗಟ್ಟಲೆ ಕಾರ್ಡು ಹೊಡೆಯುತ್ತಿದ್ದರು. ಬಿದ್ದುಹೋದ ಕಟ್ಟಡದ ಕಾರ್ಡು ಆಮೇಲೂ ಅಂಗಡಿಯಲ್ಲಿ ಇರುತ್ತಿತ್ತು.

ಬ್ರಿಟನ್ನಿನಲ್ಲಿ ಖಾಸಗಿಯವರು ಅಚ್ಚು ಮಾಡಿದ ಕಾರ್ಡಿಗೆ ಅರ್ಧ ಪೆನ್ನಿ ಚೀಟಿ ಹಚ್ಚಿ ಕಳಿಸಲು ಅವಕಾಶ ಬಂದದ್ದು 1894ರಲ್ಲಿ. 1902ರವರೆಗೆ ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು, ಒಕ್ಕಣೆಯನ್ನು ಚಿತ್ರದ ಬದಿಯಲ್ಲೇ ತುರುಕಬೇಕಿತ್ತು. 1902ರಲ್ಲಿ ಹಿಂಬದಿಯನ್ನು ಎರಡು ಭಾಗ ಮಾಡಿದರು. ಅಲ್ಲಿಂದ ಕಾರ್ಡಿನ ಹುಚ್ಚು ಹಿಡಿಯಿತು. 1918ರಲ್ಲಿ ದರ ಒಂದು ಪೆನ್ನಿಯಾದಾಗ ಹುಚ್ಚು ಸ್ವಲ್ಪ ಇಳಿಯಿತು.

ಆಕಾಶವನ್ನೂ ನಂಬಬೇಡಿ. ಆ ಕಾಲದ ಗಾಜಿನ ಪ್ಲೇಟುಗಳಿಗೆ ನೀಲಿ ಬಣ್ಣವೆಂದರೆ ಅತಿ ಚುರುಕು. ನೆಲ ಸರಿಯಾಗಿ ಬರುವಷ್ಟರಲ್ಲಿ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತಿತ್ತು. ಹಾಗಾಗಿ ಬೇರೆ ದಿನ ತೆಗೆದ ಮೋಡದ ನೆಗೆಟಿವ್ ಅನ್ನು ಮೇಲೆ ಕೂಡಿಸಿ ಅಚ್ಚು ಹಾಕುವುದು ಮಾಮೂಲಾಗಿತ್ತು. ಬಣ್ಣ ಹಚ್ಚುವವರು ಊರನ್ನೇ ನೋಡಿರುತ್ತಿರಲಿಲ್ಲ. ಆದರೂ ಅಂಚಿನ ಗೆರೆಯನ್ನು ಯಾರೂ ತಿದ್ದುತ್ತಿರಲಿಲ್ಲ, ತಿದ್ದುವುದರಿಂದ ಯಾರಿಗೂ ಲಾಭವಿರಲಿಲ್ಲ. ಆ ಗೆರೆ ಮಾತ್ರ ನಿಜ.

ಬದುಕಿದ್ದ ಜನರನ್ನು ನೋಡಬೇಕೆಂದರೆ ವಿಟ್‌ಬಿಯ ಫ್ರಾಂಕ್ ಮೆಡೋ ಸಟ್‌ಕ್ಲಿಫ್ ತೆಗೆದ ಚಿತ್ರಗಳನ್ನು ನೋಡಿ. ಬೆಸ್ತರ ಹೆಂಗಸರು, ಬಲೆ, ಬುಟ್ಟಿ, 1886ರಲ್ಲಿ ಬಂದರಿನ ನೀರಿನಲ್ಲಿ ಬೆತ್ತಲೆ ಆಡುವ ಹುಡುಗರು. ಊರ ಪಾದ್ರಿಗಳಿಗೆ ಆ ಚಿತ್ರ ಕಂಡು ಕೋಪ ಬಂದಿತ್ತು. ಅವರೆಲ್ಲ ಅಲುಗಾಡದೆ ನಿಂತು ತೆಗೆಸಿಕೊಂಡ ಚಿತ್ರಗಳೇ, ಸಹಜವೆಂದು ಹೇಳುವುದಿಲ್ಲ. ಆದರೂ ಮುಖಗಳಿಗೆ ದುಡಿಮೆಯ ಗುರುತಿದೆ.

ಸ್ಕಾರ್ಬರೋ ನರ್ಸ್

ರಾಯರ ಮಾತು ಮನಸ್ಸಿನಲ್ಲೇ ಉಳಿದಿತ್ತು. ನಿನ್ನೆ ಪಾಳಿಯಲ್ಲಿ ಒಬ್ಬರು ಅಜ್ಜಿಯನ್ನು ಕೇಳಿದೆ. ಅವರ ತಾಯಿಯೇ ಬೋರ್ಡಿಂಗ್ ಹೌಸ್ ನಡೆಸಿದವರು. 'ನಿಮ್ಮ ಮನೆಯಲ್ಲಿ ನನ್ನಂಥವರಿಗೆ ರೂಮು ಕೊಡುತ್ತಿದ್ದರೇ?' ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಮ್ಮ ಕೊಡುತ್ತಿರಲಿಲ್ಲ, ಉಳಿದ ಅತಿಥಿಗಳು ಬಿಟ್ಟುಹೋಗುತ್ತಾರೆ ಎನ್ನುತ್ತಿದ್ದಳು ಎಂದರು. ನೇರವಾಗಿ ಹೇಳಿದರಲ್ಲ ಎಂದು ನನಗೆ ಗೌರವವೇ ಬಂತು. ಆಮೇಲೆ ಮಾತ್ರೆ ಕೊಟ್ಟೆ, ಎಂದಿನಂತೆ ಟ್ರೇಯ ಕಥೆ ಶುರುವಾಯಿತು.

ಲೆಸ್ಟರ್ ರಾಯರು

ತಾಯಿ, ಕೇಳಿದ್ದಕ್ಕೆ ನಿಮಗೂ ಹೇಳಿದ್ದಕ್ಕೆ ಆ ಅಜ್ಜಿಗೂ ನಮಸ್ಕಾರ.

ನಾರ್ಫಕ್‌ನವರು ಫೋಟೊ ಕೇಳಿದ್ದರು. ದೊಡ್ಡಪ್ಪನ ಮಗನ ಮನೆಯ ಅಟ್ಟದಲ್ಲಿ ಎರಡು ಆಲ್ಬಂ ಸಿಕ್ಕವು. ಸ್ಕೆಗ್‌ನೆಸ್‌ನ ಗಡಿಯಾರ ಗೋಪುರದ ಮುಂದೆ ದೊಡ್ಡಮ್ಮ, ಕಾಲುಚೀಲ ಚಪ್ಪಲಿ ಸಮೇತ. ಇನ್ನೊಂದರಲ್ಲಿ ಡಬ್ಬಿಯೂ ಇದೆ. ತೊಂದರೆ ಏನೆಂದರೆ ಇವು 70ರ ದಶಕದ ಅಂಟುಪುಟದ ಆಲ್ಬಂಗಳು, ಮೇಲೆ ಪ್ಲಾಸ್ಟಿಕ್ ಹಾಳೆ. ಫೋಟೊ ಎಳೆದರೆ ಮೂಲೆ ಹರಿಯುವಂತಿದೆ. ಏನು ಮಾಡಲಿ?

ಅಂಚೆಪೆಟ್ಟಿಗೆ (ಮೈಸೂರು)

ಎಳೆಯಬೇಡಿ ರಾಯರೇ. ಮೊದಲು ಪ್ಲಾಸ್ಟಿಕ್ ಹಾಳೆ ಎತ್ತಿ, ಪುಟ ಇದ್ದ ಹಾಗೆಯೇ ಒಂದು ಸಲ ಸ್ಕ್ಯಾನ್ ಮಾಡಿಬಿಡಿ, ಮುಂದೆ ಏನೇ ಆದರೂ ಅದೊಂದು ಉಳಿಯುತ್ತದೆ. ಆಮೇಲೆ ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಫೋಟೊದ ಮೂಲೆಯ ಅಡಿಗೆ ತೂರಿಸಿ, ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಗರಗಸದಂತೆ ಆಚೀಚೆ ಎಳೆಯುತ್ತಾ ಮುಂದೆ ಸರಿಸಿ. ಬಿಡದಿದ್ದರೆ ಅಲ್ಲಿಗೇ ನಿಲ್ಲಿಸಿ, ನೀರು, ಬಿಸಿ ಎಂದು ಪ್ರಯೋಗ ಮಾಡಬೇಡಿ. ಬಿಟ್ಟವುಗಳ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಹೆಸರು, ಊರು, ವರ್ಷ ಬರೆಯಿರಿ. ಬಾಲ್‌ಪೆನ್ನು ಬೇಡ, ಗೆರೆ ಮುಂಬದಿಗೆ ಉಬ್ಬುತ್ತದೆ. ಡಬ್ಬಿಯ ಫೋಟೊದ ಹಿಂದೆ ಪುಳಿಯೋಗರೆ ಎಂದೂ ಬರೆಯಿರಿ, ಇಲ್ಲದಿದ್ದರೆ ಇನ್ನು ಐವತ್ತು ವರ್ಷಕ್ಕೆ ಸಂತೆಯಲ್ಲಿ ಕೊಳ್ಳುವವನಿಗೆ ತಿಳಿಯುವುದು ಹೇಗೆ?